ಕೂಸಿನ ಉಸಿರು ಎಣಿಸುವ ಒಂದು ನಿಮಿಷ

ಹಸುಗೂಸು ಏದುಸಿರು ಬಿಡುತ್ತಿದ್ದರೆ ಇಂದಿಗೂ ಎಷ್ಟೋ ಮನೆಗಳಲ್ಲಿ ಮೊದಲು ದೃಷ್ಟಿ ತೆಗೆಯುತ್ತಾರೆ. ಆಮೇಲೆ ತಾಯಿತ, ಕೆಲವೆಡೆ ಹೊಟ್ಟೆಗೆ ಬರೆ. ಅಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ನ್ಯುಮೋನಿಯಾ ಹಿಡಿದ ಕೂಸು ಅಷ್ಟು ಹೊತ್ತು ಕಾಯಲಾರದು. ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯ ಬಳಿ ಎಕ್ಸ್‌ರೇ ಇಲ್ಲ, ಗಡಿಯಾರವಿದೆ. ರೋಗದ ಸುಳಿವು ಹಿಡಿಯಲು ಅದು ಸಾಕು.

ಆರೋಗ್ಯವಂತ ಶ್ವಾಸಕೋಶ ಒಮ್ಮೆ ಊದಿ ಸಡಿಲವಾದ ಬಲೂನಿನಂತೆ; ತುಸು ಗಾಳಿಗೇ ಹಿಗ್ಗುತ್ತದೆ. ಸೋಂಕು ತಗುಲಿ ಗಾಳಿಚೀಲಗಳಲ್ಲಿ ನೀರು, ಕೀವು ತುಂಬಿದರೆ ಅದು ಹೊಸ ಬಲೂನಿನಂತೆ ಬಿರುಸಾಗುತ್ತದೆ. ಆಳವಾಗಿ ಎಳೆದುಕೊಳ್ಳಲು ಕೂಸಿಗೆ ತ್ರಾಣ ಸಾಲದು. ಚಿಕ್ಕ ಉಸಿರುಗಳನ್ನೇ ಬೇಗಬೇಗ ತೆಗೆಯುತ್ತದೆ. ಕಮ್ಮಾರನ ತಿದಿಯ ಚರ್ಮ ಒಣಗಿ ಗಡುಸಾದರೆ ಪೂರ್ತಿ ಎಳೆಯಲಾಗದೆ ಗಿಡ್ಡ ಎಳೆತಗಳಲ್ಲೇ ಕೆಂಡ ಉಳಿಸಿಕೊಳ್ಳಬೇಕಲ್ಲ, ಹಾಗೆ. ಒಳಗಿನ ಈ ಬಿರುಸನ್ನು ಹೊರಗಿನಿಂದಲೇ ಎಣಿಸಬಹುದು ಎಂಬುದೇ ಇಲ್ಲಿನ ಸೊಗಸು.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯ ದಂಪತಿ ಅಭಯ್ ಮತ್ತು ರಾಣಿ ಬಂಗ್ ಇದನ್ನು ಅಕ್ಷರ ಬಾರದ ಸೂಲಗಿತ್ತಿಯರಿಗೂ ಕಲಿಸಿದರು. ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಸಾಲಿನ ಕೊನೆಯ ಕೆಂಪು ಮಣಿ ಬಂದರೆ ನ್ಯುಮೋನಿಯಾ. ಮುಂದೆ ಅಲ್ಲಿನ ಹಳ್ಳಿಗಳಲ್ಲಿ ಮನೆಯಲ್ಲೇ ನವಜಾತ ಶಿಶು ಆರೈಕೆ ನಡೆದಾಗ, ಮೂರನೇ ವರ್ಷಕ್ಕೆ ಆ ಶಿಶುಗಳ ಮರಣ ಹೋಲಿಕೆಯ ಹಳ್ಳಿಗಳಿಗಿಂತ 62% ಇಳಿದಿತ್ತು. 1999ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಇದನ್ನು ಪ್ರಕಟಿಸಿತು. 2011ರಲ್ಲಿ ಅದೇ ಬಗೆಯ ಆರೈಕೆ ದೇಶದ ಆಶಾಗಳ ಕೆಲಸವಾಯಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28, 42ನೇ ದಿನ ನೋಡಬೇಕು.

ಎಣಿಕೆ ತಪ್ಪುವುದು ಅವಸರದಿಂದ. ಎಳೆಗೂಸು ಸರಸರನೆ ಉಸಿರಾಡಿ ಕೆಲವು ಕ್ಷಣ ನಿಲ್ಲಿಸುವುದು ಸಹಜ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆ ನಿಲುಗಡೆಯೋ ಆ ಓಟವೋ ನಾಲ್ಕು ಪಟ್ಟಾಗುತ್ತದೆ. ಅಳುವಾಗ, ಹಾಲು ಕುಡಿಯುವಾಗಲೂ ಎಣಿಸಬಾರದು. ಕೂಸು ಮಲಗಿರಲಿ, ಅಂಗಿ ಮೇಲೆತ್ತಿ, ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಎಂದು ಇಡೀ ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಮುಟ್ಟಿದರೆ ಮತ್ತೊಮ್ಮೆ ಎಣಿಸಿ. ಎರಡನೇ ಸಲವೂ ಅಷ್ಟೇ ಬಂದರೆ, ಅಥವಾ ಉಸಿರೆಳೆದಾಗ ಪಕ್ಕೆಯ ಕೆಳಗೆ ಆಳವಾಗಿ ಗುಳಿ ಬಿದ್ದರೆ, 108ಕ್ಕೆ ಕರೆ. ದಾರಿಯಲ್ಲಿ ಕೂಸು ತಾಯಿಯ ಎದೆಗೆ ಅಂಟಿಕೊಂಡು ಬೆಚ್ಚಗಿರಬೇಕು, ಕುಡಿಯುವಂತಿದ್ದರೆ ಹಾಲೂ ಸಿಗುತ್ತಿರಬೇಕು.