ಒಂದು ತೊಳೆ ತಿಂದು ಮರ ಆರಿಸಬೇಡಿ

ಮೇ ತಿಂಗಳು ಬಂತೆಂದರೆ, ಹಲಸಿನ ತಳಿ ಆರಿಸುವ ನನ್ನ ಫೋನಿಗೆ ಬಿಡುವಿಲ್ಲ. ಗುಬ್ಬಿ ಕಡೆಯಿಂದ ಒಬ್ಬರು, ದೊಡ್ಡಬಳ್ಳಾಪುರದಿಂದ ಇನ್ನೊಬ್ಬರು. ಮಾತು ಮಾತ್ರ ಒಂದೇ. "ಸಾರ್, ನಮ್ಮ ತೋಟದ ಹಲಸು ಒಂದ್ಸಲ ತಿಂದು ನೋಡಿ. ಸಕ್ಕರೆ ಸಾರ್!"

ಸಿದ್ದು ಹಲಸು ಹೆಸರು ಮಾಡಿದ ಮೇಲೆ ಇಂಥ ಕರೆಗಳು ಜಾಸ್ತಿಯಾಗಿವೆ. ಅದು ಗುಬ್ಬಿ ತಾಲ್ಲೂಕು ಚೇಳೂರಿನ ತೋಟವೊಂದರಲ್ಲಿ ಬೀಜದಿಂದ ಎದ್ದ ಒಂಟಿ ಮರ. ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಅದರ ಹಣ್ಣನ್ನು ಅಳೆದು ತೂಗಿ, ಕಸಿ ಮಾಡಿ ತಳಿಯಾಗಿ ಹೊರತಂದರು. ತಾಮ್ರಗೆಂಪು ತೊಳೆ, ಸುಮಾರು 31 ಬ್ರಿಕ್ಸ್ (ರಸದ ಸಿಹಿ ಅಳೆಯುವ ಮಾನ) ಸಿಹಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವ ಅಂಕಿ ಬೇರೆ: ಹಣ್ಣಿನ ಸರಾಸರಿ ತೂಕ ಎರಡೂವರೆ ಕಿಲೋಗಿಂತ ತುಸು ಕಡಿಮೆ. ನಾಲ್ಕು ಜನರ ಮನೆ ಒಂದು ಸಂಜೆಯಲ್ಲಿ ಮುಗಿಸುವಷ್ಟು. ಬಸ್ಸಿನಲ್ಲಿ ಕೈಚೀಲದಲ್ಲೇ ತರಬಹುದು. ಮೂವತ್ತು ಕಿಲೋ ಹಣ್ಣು ಹಲಸು ಮೇಳದಲ್ಲಿ ಫೋಟೊಗೆ ಚೆಂದ, ಅಷ್ಟೇ. ತಳಿ ಆರಿಸುವವನು ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ.

ತೋಟಕ್ಕೆ ಹೋದಾಗ ಏನು ನೋಡುತ್ತೇನೆ ಹೇಳುತ್ತೇನೆ. ಮನೆಯವರು ಆಗಲೇ ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟಿರುತ್ತಾರೆ. ಇರುವುದರಲ್ಲಿ ಚೆನ್ನಾಗಿರುವ ತೊಳೆಗಳನ್ನೇ ಆರಿಸಿಟ್ಟಿರುತ್ತಾರೆ, ಅತಿಥಿಗೆ ಕೊಡುವಾಗ ಹಾಗೇ ತಾನೇ? ಮರ್ಯಾದೆಗೆ ಒಂದು ತಿನ್ನುತ್ತೇನೆ. ಆಮೇಲೆ ಹೆಚ್ಚದ ಹಣ್ಣು ಕೇಳುತ್ತೇನೆ. ಅದೂ ಬಲಿತಾಗ ಕೊಯ್ದು, ಮನೆಯಲ್ಲಿ ಹಣ್ಣಾಗಿಸಿದ್ದು. ಮುಳ್ಳುಗಳು ಅಗಲವಾಗಿ ಚಪ್ಪಟೆಯಾಗಿರಬೇಕು. ಕೊಯ್ಯುವಾಗ ತಟ್ಟಿದರೆ ಮಂದ ಸದ್ದು ಬಂದಿರಬೇಕು. ಎಳೆಯದನ್ನು ಕಿತ್ತು ಹಣ್ಣು ಮಾಡಿದರೆ ಎಂಥ ಒಳ್ಳೇ ಮರವೂ ಸಪ್ಪೆಯೇ.

ಹಣ್ಣನ್ನು ಉದ್ದಕ್ಕೆ ಸೀಳಿ ತೊಟ್ಟಿನ ಕಡೆ, ನಡು, ತುದಿ, ಮೂರೂ ಕಡೆಯಿಂದ ತೊಳೆ ತೆಗೆದು ರಸ ಹಿಂಡುತ್ತೇನೆ. ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಸಾಕು. ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ, ಬಿಳಿ ಸೇರುವ ಗೆರೆಯೇ ಬ್ರಿಕ್ಸ್. ಒಂದೇ ಹಣ್ಣಿನ ಮೂರು ಕಡೆ ಮೂರು ಅಂಕಿ ಬರುತ್ತದೆ. ಮೊದಲ ಸಲ ಇದನ್ನು ನೋಡಿದ ರೈತರು ಮೀಟರೇ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಆದರೆ ಮೀಟರಿಗೆ ಕಾಣದ್ದು ಬಹಳ ಇದೆ. ಕತ್ತಿ ಹಾಕಿದಾಗ ಮೇಣ ಎಷ್ಟು ಬಂತು? ತೊಳೆ ಬಿಡಿಸಿದರೆ ಇಡಿಯಾಗಿ ಬಂತೋ, ನಾರಿಗೆ ಅಂಟಿಕೊಂಡು ಹರಿಯಿತೋ? ಬೀಜ ತೆಗೆದರೆ ಉಳಿಯುವ ತಿರುಳು ಎಷ್ಟು ದಪ್ಪ? ಕಚ್ಚಿದರೆ ಗರಿಗರಿಯೋ, ಅಂಬಲಿಯೋ? ಹೆಚ್ಚಿಟ್ಟ ತೊಳೆ ಮಾರನೇ ದಿನಕ್ಕೆ ಹೇಗಿದೆ? ನಾನು ಮೊದಲು ತಳ್ಳಿಹಾಕುವ ಕಾರಣ ಹುಡುಕುತ್ತೇನೆ, ಮೆಚ್ಚುವ ಕಾರಣ ಆಮೇಲೆ. ಸಿಹಿ ಹಲಸು ಊರಿಗೆ ಹತ್ತು ಸಿಗುತ್ತದೆ. ಸಿಹಿಯೂ ಇದ್ದು, ಮೇಣ ಕಡಿಮೆಯಾಗಿ, ತೊಳೆ ಸಲೀಸಾಗಿ ಬಿಡುವ ಹಲಸು ತಾಲ್ಲೂಕಿಗೆ ಒಂದು ಸಿಕ್ಕರೆ ಪುಣ್ಯ.

ಬಣ್ಣದ ವಿಷಯದಲ್ಲಿ ನಾಲಿಗೆ ನಂಬಬೇಡಿ. ನಮ್ಮ ಕಡೆಯ ಚಂದ್ರ ಹಲಸಿನ ಹಾಗೆ ತೊಳೆ ಕೆಂಪಗಿದ್ದರೆ, ತಿನ್ನುವ ಮೊದಲೇ ಸಿಹಿ ಅನಿಸಿಬಿಡುತ್ತದೆ. ಹಾಗಾಗಿ ರುಚಿ ನೋಡುವವರಿಗೆ ತೊಳೆಗಳನ್ನು ಬರೀ ನಂಬರ್ ಹಾಕಿ ಕೊಡುತ್ತೇವೆ, ಆಗಾಗ ಕಣ್ಣು ಕಟ್ಟಿಯೂ ಕೊಡುತ್ತೇವೆ. ಒಂದಾದ ಮೇಲೆ ಒಂದು ಗುಟುಕು ನೀರು. ಕಣ್ಣು ಕಟ್ಟಿದಾಗ ಪೇಲವ ಹಳದಿ ತೊಳೆ ಗೆದ್ದಿದ್ದನ್ನು ನಾನೇ ನೋಡಿದ್ದೇನೆ, ಅದಕ್ಕೆ ಹೆಚ್ಚು ಅಂಕ ಕೊಟ್ಟವನೂ ನಾನೇ.

ಇನ್ನು ಮಳೆ. ಶುರುವಿನ ವರ್ಷಗಳಲ್ಲಿ ಒಂದು ಮರ ನೋಡಿದ್ದೆ. ಮಳೆ ತಡವಾಗಿದ್ದ ವರ್ಷ. ತೊಳೆ ಕಲ್ಲುಸಕ್ಕರೆಯಂತಿತ್ತು. ಖುಷಿಯಲ್ಲಿ ಆ ವರ್ಷವೇ ಕಡ್ಡಿ ತಂದು ಕಸಿ ಮಾಡಿ, ಗೊತ್ತಿದ್ದವರಿಗೆಲ್ಲ ಹಂಚಿದೆ. ಮಾರನೇ ವರ್ಷ ಹಣ್ಣು ಬಲಿಯುವ ಹೊತ್ತಿಗೇ ಮಳೆ ಹಿಡಿಯಿತು. ಅದೇ ಮರದ ಹಣ್ಣು ನೀರು ನೀರು. ಗಿಡ ತೆಗೆದುಕೊಂಡವರಲ್ಲಿ ಒಬ್ಬರು ಇವತ್ತಿಗೂ ಸಿಕ್ಕಾಗೆಲ್ಲ "ಸಾರ್, ನಿಮ್ಮ ಸಕ್ಕರೆ ಹಲಸು ಹೇಗಿದೆ?" ಅಂತ ಕೇಳುತ್ತಾರೆ. ಸಿಹಿ ಅನ್ನುವುದು ಮರದ ಗುಣ ಎಷ್ಟೋ, ಆ ವರ್ಷದ ಬಿಸಿಲು, ಮಳೆ, ಮಣ್ಣಿನದ್ದೂ ಅಷ್ಟೇ. ತೊಳೆಯ ಬಣ್ಣ, ಬೀಜದ ಗಾತ್ರ ಅಷ್ಟೊಂದು ಅಲುಗಾಡುವುದಿಲ್ಲ. ಅದಕ್ಕೇ ಈಗ ಕನಿಷ್ಠ ಮೂರು ಹಂಗಾಮು, ಪ್ರತಿ ಹಂಗಾಮಿಗೆ ನಾಲ್ಕೈದು ಹಣ್ಣು, ಮಳೆಗೆ ಮುಂಚಿನದ್ದೂ ಮಳೆ ಬಿದ್ದ ಮೇಲಿನದ್ದೂ ನೋಡದೆ ಬಾಯಿ ಬಿಡುವುದಿಲ್ಲ. ಮರ ಬಚ್ಚಲು ನೀರಿನ ಪಕ್ಕದಲ್ಲಿದೆಯೋ, ತಿಪ್ಪೆಯ ಪಕ್ಕದಲ್ಲಿದೆಯೋ ಅಂತಲೂ ಬರೆದಿಟ್ಟುಕೊಳ್ಳುತ್ತೇನೆ.

"ಇಷ್ಟು ಒಳ್ಳೇ ಹಣ್ಣು, ಬೀಜ ಹಾಕಿದರಾಯ್ತಲ್ವಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಒಂದು ತೊಳೆ ಕೈಯಲ್ಲಿ ಹಿಡಿದು ನೋಡಿ. ಹಲಸು ಒಂದು ಹಣ್ಣಲ್ಲ, ನೂರಾರು ಹೂವು ಒತ್ತಾಗಿ ಸೇರಿ ಆದ ಗೊಂಚಲು. ಒಂದೊಂದು ತೊಳೆಯೂ ಒಂದೊಂದು ಹೆಣ್ಣುಹೂವಿನಿಂದ ಬಂದದ್ದು. ನಾವು ತಿನ್ನುವ ತಿರುಳು ಆ ಹೂವಿನ ಹೊದಿಕೆ. ಅದು ಪೂರ್ತಿ ತಾಯಿ ಮರದ ಮೈ. ಎಲ್ಲಿಂದ ಪರಾಗ ಬಂದರೂ ಅದರ ಗುಣ ತಾಯಿಯದ್ದೇ. ಒಳಗಿನ ಬೀಜ ಹಾಗಲ್ಲ, ಅದಕ್ಕೆ ತಂದೆಯ ಪಾಲೂ ಸೇರಿದೆ. ಪರಾಗ ಪಕ್ಕದ ತೋಟದ ಅಂಬಲಿ ಮರದ್ದೂ ಇರಬಹುದು. ಒಂದೇ ಹಣ್ಣಿನ ಎರಡು ಬೀಜಗಳಿಗೆ ಬೇರೆ ಬೇರೆ ತಂದೆ ಇರಲೂಬಹುದು. ಹಾಗಾಗಿ ತೊಳೆಯ ರುಚಿ ನೋಡಿ ಬೀಜ ನೆಟ್ಟರೆ ಅದು ಲಾಟರಿ. ಫಲಿತಾಂಶಕ್ಕೆ ಏಳೆಂಟು ವರ್ಷ ಕಾಯಬೇಕು. ಕಸಿ ಗಿಡವಾದರೆ ತಾಯಿಯದ್ದೇ ತೊಳೆ, ಅದೂ ಮೂರು ನಾಲ್ಕು ವರ್ಷಕ್ಕೆ.

ಬೇಕಂತಲೇ ಎರಡು ಮರ ಕೂಡಿಸಿ ಹೊಸ ತಳಿ ಮಾಡುವುದು ಇನ್ನೊಂದು ಕಥೆ. ಅಲ್ಲಿ ಎರಡು ಅತಿ ಸಿಹಿ ಮರ ಸೇರಿಸುವುದಕ್ಕಿಂತ ಒಂದರ ಕೊರತೆಯನ್ನು ಇನ್ನೊಂದು ತುಂಬುವಂಥ ಜೋಡಿ ಹುಡುಕುತ್ತಾರೆ. ಮಾವಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆಪೂಸಿನ ಪರಿಮಳಕ್ಕೆ ಸಾಟಿಯಿಲ್ಲ, ಆದರೆ ಹೊರಗೆ ಚೆಂದ ಕಂಡರೂ ಎಷ್ಟೋ ಸಲ ಒಳಗೆ ತಿರುಳು ಸ್ಪಂಜಿನಂತೆ ಕೆಟ್ಟಿರುತ್ತದೆ. ಅದಕ್ಕೇ ಆಪೂಸನ್ನು ಬಂಗನಪಲ್ಲಿಯೊಂದಿಗೆ ಕೂಡಿಸಿ, ಆ ದೋಷವಿಲ್ಲದ ಅರ್ಕಾ ಪುನೀತ್ ತಂದರು. ಜೋಡಿ ಒಂದೇ ಆದರೂ ಮಕ್ಕಳು ಒಂದೇ ಥರ ಇರುವುದಿಲ್ಲ. ನೀಲಂ ಮತ್ತು ದಶೇರಿಯಿಂದಲೇ ಮಲ್ಲಿಕಾ ಬಂತು, ತಾಯಿ ತಂದೆ ಅದಲುಬದಲಾಗಿ ಆಮ್ರಪಾಲಿಯೂ ಬಂತು. ಎರಡನ್ನೂ ತಿಂದವರಿಗೆ ವ್ಯತ್ಯಾಸ ಹೇಳಬೇಕಾಗಿಲ್ಲ. ಹಲಸಿನಲ್ಲಿ ಈ ದಾರಿ ಇನ್ನೂ ದೂರದ್ದು. ಸಸಿ ಫಲಕ್ಕೆ ಬರುವುದೇ ತಡ, ಮರಕ್ಕೆ ಬೇಕಾಗುವ ಜಾಗವೂ ಜಾಸ್ತಿ. ನಮ್ಮ ರೈತರ ಹಿತ್ತಲಲ್ಲಿ ಪ್ರಕೃತಿ ಆಗಲೇ ಮಾಡಿಟ್ಟ ಸಾವಿರಾರು ಜೋಡಣೆಗಳಿರುವಾಗ ಮೊದಲು ಅದನ್ನೇ ಜಾಲಾಡುವುದು ಜಾಣತನ ಅನ್ನುವುದು ನನ್ನ ಅಭಿಪ್ರಾಯ.

ಮರ ನಿಜವಾಗಿ ಒಳ್ಳೆಯದಾದರೆ ರೈತರು ಅದನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಿಂದಲೇ ಇದೆ.

ಒಂದು ಅಭ್ಯಾಸ ಮಾತ್ರ ತಡವಾಗಿ ಕಲಿತೆ. ಮೂರು ವರ್ಷ ನೋಡಿ ತೀರ್ಮಾನ ಮಾಡೋಣ ಎಂದು ಮರವೊಂದರಿಂದ ಕಡ್ಡಿ ತರದೆ ಬರಿಗೈಲಿ ಬಂದಿದ್ದೆ. ಎರಡನೇ ವರ್ಷ ಅದನ್ನು ಹುಡುಕಿಕೊಂಡು ಹೋದರೆ ಬರೀ ಬೊಡ್ಡೆ ಇತ್ತು. "ಮಗಳ ಮದುವೆ ಬಂತು ಸಾರ್, ಮರದವರು ಒಳ್ಳೇ ರೇಟು ಕೊಟ್ಟರು" ಅಂದರು ಯಜಮಾನರು. ಈಗ ಮೆಚ್ಚುಗೆಯಾದ ಮರದಿಂದ ಮೊದಲ ವರ್ಷವೇ ಕಡ್ಡಿ ತಂದು ಐದಾರು ಕಸಿ ಕಟ್ಟಿಡುತ್ತೇನೆ. ಯಾರಿಗೂ ಹಂಚುವುದಿಲ್ಲ. ಮೂರು ವರ್ಷದ ಲೆಕ್ಕದಲ್ಲಿ ಮರ ಸೋತರೆ ಆ ಗಿಡಗಳ ಮೇಲೇ ಬೇರೆ ಕಸಿ ಕಟ್ಟಿದರಾಯಿತು.