ಶ್ರೀಲಂಕಾ: ಹಳೆಯ ರಾಜಧಾನಿಗಳೂ ಆನೆ ಹಿಂಡೂ ಒಂದೇ ಪ್ರವಾಸದಲ್ಲಿ ಆಗುತ್ತವೆಯೇ?

ಪ್ರಶ್ನೆ: ನಾವು ಐದು ಜನ. ಅಪ್ಪನಿಗೆ 66 ವರ್ಷ, ಮಗಳಿಗೆ 11. ಶ್ರೀಲಂಕಾಕ್ಕೆ 9 ದಿನ ಕೈಯಲ್ಲಿದೆ. ಸಿಗಿರಿಯಾ, ಪೊಲೊನ್ನರುವದಂಥ ಹಳೆಯ ಜಾಗಗಳನ್ನೂ ಕಾಡುಪ್ರಾಣಿಗಳನ್ನೂ ಗೈಡ್ ಜೊತೆ ನೋಡಬೇಕು. ಯಾವ ತಿಂಗಳು ಹೋಗಬೇಕು, ದಾರಿ ಹೇಗೆ ಹಾಕಬೇಕು, ಪ್ಯಾಕೇಜ್ ಕೊಡುವವರ ಹತ್ತಿರ ಏನೇನು ಕೇಳಬೇಕು?

ಉತ್ತರ: ಆರಾಮಾಗಿ ಆಗುತ್ತದೆ, ಇಡೀ ದ್ವೀಪವನ್ನು 9 ದಿನದಲ್ಲಿ ಸುತ್ತಿ ಮುಗಿಸುವ ಆಸೆ ಬಿಟ್ಟರೆ. ಅಲ್ಲಿ ಇತಿಹಾಸ ಒಂದು ಕಡೆ, ಕಾಡು ಇನ್ನೊಂದು ಕಡೆ ಎಂದೇನೂ ಇಲ್ಲ. ಉತ್ತರ-ಮಧ್ಯದ ಒಣನಾಡಿನಲ್ಲಿ ರಾಜರು ಕಟ್ಟಿಸಿದ ಕೆರೆಗಳಿಗೇ ಆನೆಗಳು ಬರುತ್ತವೆ. ಆದ್ದರಿಂದ ದಾರಿ ಹಾಕುವ ಮೊದಲು ಕೇಳಬೇಕಾದ ಮಾತು ಒಂದೇ: ನೀವು ಹೋಗುವ ತಿಂಗಳಲ್ಲಿ ನೀರು ಎಲ್ಲಿರುತ್ತದೆ?

ಮಿನ್ನೇರಿಯವನ್ನೇ ತೆಗೆದುಕೊಳ್ಳಿ. ಕ್ರಿ.ಶ. 3ನೇ ಶತಮಾನದ ಕೊನೆಯ ಹೊತ್ತಿಗೆ ಮಹಾಸೇನ ರಾಜ ಕಟ್ಟಿಸಿದ ಕೆರೆ ಇದು. ಸುತ್ತಲಿನ ರೈತರು ಅವನನ್ನು ಇವತ್ತಿಗೂ ಮಿನ್ನೇರಿಯ ದೇವರು ಎಂದೇ ಪೂಜಿಸುತ್ತಾರೆ. ಆ ಭಾಗದ ಮಳೆಗಾಲ ಮುಗಿದು ಜುಲೈ ಹೊತ್ತಿಗೆ ನೀರು ಇಳಿಯತೊಡಗುತ್ತದೆ. ನೀರು ಬಿಟ್ಟ ಹಸಿ ಅಂಗಳದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿ ನಿಂತಿರುವಾಗ ಮೇವು ಮತ್ತು ನೀರು ಎರಡೂ ಒಟ್ಟಿಗೆ ಸಿಗುವುದು ಇಲ್ಲಿ ಮಾತ್ರ. ಹೀಗಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ, ಒಳ್ಳೆಯ ವರ್ಷದಲ್ಲಿ, ಒಂದೇ ಸಂಜೆ 200ಕ್ಕೂ ಹೆಚ್ಚು ಆನೆಗಳು ಕೆರೆಯಂಗಳದಲ್ಲಿ ಕಾಣುತ್ತವೆ. ನಾಗರಹೊಳೆಯ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ನೋಡಿದ್ದೇ ಇದು, ಇಲ್ಲಿ ಇನ್ನೂ ದೊಡ್ಡದಾಗಿ.

ಪ್ಯಾಕೇಜ್ ಪುಸ್ತಿಕೆಗಳು ಹೇಳದ ಒಂದು ಸಂಗತಿ ಇದೆ. ಮಿನ್ನೇರಿಯಕ್ಕೆ ನೀರು ಬರುವುದು ಅಂಬನ್ ಗಂಗೆಯಿಂದ, ಎಲಹೆರ ಕಾಲುವೆಯ ಮೂಲಕ. ಆ ನದಿಗೆ ಕಟ್ಟಿದ ಮೊರಗಹಕಂದ ಅಣೆಕಟ್ಟು 2018ರಲ್ಲಿ ಬಳಕೆಗೆ ಬಂದ ಮೇಲೆ, ಬೇಸಿಗೆಯ ನಡುವೆಯೇ ಕೆರೆಗೆ ನೀರು ಬಿಡುವ ವರ್ಷಗಳು ಬಂದಿವೆ. ಆಗ ಹುಲ್ಲಿನಂಗಳ ಮುಳುಗುತ್ತದೆ, ಆನೆಗಳು ಚದುರುತ್ತವೆ. "ಆಗಸ್ಟ್‌ನಲ್ಲಿ ಮಿನ್ನೇರಿಯ, ಗ್ಯಾರಂಟಿ" ಎನ್ನುವವರ ಮಾತು ಅರ್ಧ ಸತ್ಯ. ಮಿನ್ನೇರಿಯ, ಕೌಡುಲ್ಲ, ಹುರುಳು ಇಕೋ ಪಾರ್ಕ್ ಮೂರೂ ಹಬರಣ ಊರಿನ ಆಸುಪಾಸಿನಲ್ಲೇ ಇವೆ. ಆನೆಗಳು ಅವುಗಳ ನಡುವೆ ಓಡಾಡಿಕೊಂಡಿರುತ್ತವೆ. ತಿಳಿದ ಗೈಡ್ ಆ ದಿನ ಮಧ್ಯಾಹ್ನ ಜೀಪಿನವರನ್ನು ವಿಚಾರಿಸಿಯೇ ಟಿಕೆಟ್ ಕೊಳ್ಳುತ್ತಾನೆ. ನಿಮ್ಮ ಪ್ರವಾಸಪಟ್ಟಿಯಲ್ಲಿ "ಮಿನ್ನೇರಿಯ ಸಫಾರಿ" ಎಂದು ಬರೆದಿದ್ದರೆ "ಮಿನ್ನೇರಿಯ, ಕೌಡುಲ್ಲ ಅಥವಾ ಹುರುಳು, ಆ ದಿನದ ಪರಿಸ್ಥಿತಿ ನೋಡಿಕೊಂಡು" ಎಂದು ತಿದ್ದಿಸಿ.

ಇನ್ನೊಂದು ವಿಷಯ ಮಕ್ಕಳಿಗೆ ಮೊದಲೇ ಹೇಳಿಡಿ. ಬಂಡೀಪುರದಲ್ಲಿ ನೋಡಿದಂತೆ ಇಲ್ಲಿ ಸಲಗಗಳಿಗೆಲ್ಲ ದಂತ ಇರುವುದಿಲ್ಲ. ಶ್ರೀಲಂಕಾದ ಹತ್ತು ಗಂಡಾನೆಗಳಲ್ಲಿ ಒಂದಕ್ಕೂ ದಂತ ಇರುವುದು ಅಪರೂಪ. ದಂತವಿಲ್ಲದ್ದೆಲ್ಲ ಹೆಣ್ಣು ಎಂದುಕೊಂಡರೆ ತಪ್ಪು; ತಲೆಯ ಅಗಲ, ಹಣೆಯ ಉಬ್ಬು ನೋಡಿ ಗುರುತಿಸಬೇಕು.

ಈಗ ತಿಂಗಳ ಮಾತು. ದ್ವೀಪಕ್ಕೆ ಎರಡು ಮಳೆಗಾಲ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆ. ಗಾಲೆ, ಮಿರಿಸ್ಸ, ಸಿಂಹರಾಜದ ಕಡೆ ತೋಯುತ್ತದೆ, ಸಿಗಿರಿಯಾ ಮತ್ತು ಪೂರ್ವ ಕರಾವಳಿ ಒಣಗಿರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಈಶಾನ್ಯದ ಮಳೆ. ಆಗ ಇದೆಲ್ಲ ತಲೆಕೆಳಗು. ಇದರಿಂದ ಎರಡು ಬೇರೆ ಬೇರೆ ಪ್ರವಾಸಗಳು ಹುಟ್ಟುತ್ತವೆ. ಎರಡನ್ನೂ ಒಂದರೊಳಗೆ ತುರುಕಲು ಹೋದವರು ದಿನಕ್ಕೆ ಐದಾರು ಗಂಟೆ ವ್ಯಾನಿನಲ್ಲೇ ಕಳೆಯುತ್ತಾರೆ. ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಅಲ್ಲಿನ ರಸ್ತೆಗಳಲ್ಲಿ ಗಂಟೆಗೆ 35-40 ಕಿ.ಮೀ. ಲೆಕ್ಕ ಹಾಕಿಕೊಳ್ಳಬೇಕು. ನಕ್ಷೆಯಲ್ಲಿ ಹತ್ತಿರ ಕಂಡದ್ದು ಹತ್ತಿರವಲ್ಲ.

ಜುಲೈ-ಆಗಸ್ಟ್‌ನಲ್ಲಿ ಹೋಗುವುದಾದರೆ ಉತ್ತರದ ಸುತ್ತು. ವಿಮಾನ ನಿಲ್ದಾಣದಿಂದ ನೇರ ಹಬರಣಕ್ಕೆ, ಸುಮಾರು ನಾಲ್ಕು ಗಂಟೆ. ಅಲ್ಲಿ ನಾಲ್ಕು ರಾತ್ರಿ, ಒಂದೇ ಹೋಟೆಲ್. ಅಪ್ಪನ ವಯಸ್ಸಿನವರಿಗೆ ದಿನಾ ಪೆಟ್ಟಿಗೆ ಕಟ್ಟುವ ಕಾಟವೇ ದೊಡ್ಡ ಆಯಾಸ. ಸಿಗಿರಿಯಾ, ಪೊಲೊನ್ನರುವ, ಅನುರಾಧಪುರ, ಆನೆಗಳ ಸಂಜೆ ಎಲ್ಲವೂ ಅಲ್ಲಿಂದಲೇ. ಆಮೇಲೆ ಎರಡು ಗಂಟೆ ದೂರದ ತ್ರಿಕೋಣಮಲೆಯಲ್ಲಿ ಎರಡು ರಾತ್ರಿ, ಕೋಣೇಶ್ವರ ದೇವಸ್ಥಾನ ಮತ್ತು ಕಡಲು. ಅಲ್ಲಿಂದ ಕ್ಯಾಂಡಿಗೆ ಹೋಗುವ ದಾರಿಯಲ್ಲಿ ದಂಬುಲ್ಲದ ಐದು ಗುಹಾ ದೇವಾಲಯಗಳು, ಕ್ಯಾಂಡಿಯಲ್ಲಿ ಎರಡು ರಾತ್ರಿ, ಮನೆ. ಫೆಬ್ರವರಿ-ಮಾರ್ಚ್ ಆದರೆ ಹಬರಣಕ್ಕೆ ಮೂರು ರಾತ್ರಿ, ಕ್ಯಾಂಡಿ ಒಂದು, 'ಎಲ್ಲ' (Ella) ಎಂಬ ಬೆಟ್ಟದೂರಿನಲ್ಲಿ ಒಂದು, ಯಾಲ ಕಾಡಿಗಾಗಿ ತಿಸ್ಸಮಹಾರಾಮದಲ್ಲಿ ಎರಡು, ಮಿರಿಸ್ಸದಲ್ಲಿ ಒಂದು. ನೀಲಿ ತಿಮಿಂಗಿಲದ ದೋಣಿ ಬೆಳಗ್ಗೆ ಆರೂವರೆಯೊಳಗೆ ಹೊರಡುತ್ತದೆ, ಆದ್ದರಿಂದ ಹಿಂದಿನ ರಾತ್ರಿ ಮಿರಿಸ್ಸದಲ್ಲೇ ಮಲಗಬೇಕು. ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲು ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ.

ಕ್ಯಾಂಡಿಯಿಂದ 'ಎಲ್ಲ'ಕ್ಕೆ ರೈಲಿನಲ್ಲೇ ಹೋಗಬೇಕೆಂದು ಎಲ್ಲರೂ ಹಟ ಹಿಡಿಯುತ್ತಾರೆ. ಪೂರ್ತಿ ದಾರಿ ಆರೂವರೆ-ಏಳು ಗಂಟೆ. ಹಿರಿಯರಿಗೂ ಮಕ್ಕಳಿಗೂ ಹೆಚ್ಚಾಯಿತು. 'ನಾನುಓಯ' (Nanu Oya) ಎಂಬ ನಿಲ್ದಾಣದವರೆಗೆ ವ್ಯಾನಿನಲ್ಲಿ ಹೋಗಿ ಅಲ್ಲಿಂದ 'ಎಲ್ಲ'ಕ್ಕೆ ರೈಲು ಹಿಡಿಯಿರಿ, ಸುಮಾರು ಮೂರು ಗಂಟೆ. ಡ್ರೈವರ್ ಸಾಮಾನು ಹೊತ್ತು ರಸ್ತೆಯಲ್ಲಿ ಬಂದು 'ಎಲ್ಲ' ನಿಲ್ದಾಣದಲ್ಲಿ ಕಾಯುತ್ತಾನೆ. ಸೀಟು ಕಾದಿರಿಸುವುದು 30 ದಿನ ಮೊದಲು ಶುರುವಾಗುತ್ತದೆ, ಬೇಗ ಮುಗಿಯುತ್ತದೆ. ಗುಡ್ಡ ಕುಸಿದಾಗ ಈ ಮಾರ್ಗ ನಿಲ್ಲುತ್ತದೆ, ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿ.

ನಮ್ಮ ರಜೆಗಳಿಗೆ ಹೊಂದಿಸುವಾಗ ಎರಡು ತೊಡಕು. ಏಪ್ರಿಲ್ 13-14ಕ್ಕೆ ಸಿಂಹಳ-ತಮಿಳು ಹೊಸ ವರ್ಷ, ತುಳುನಾಡಿನ ಬಿಸು ಹಬ್ಬದ ಹೊತ್ತೇ. ಆ ವಾರ ಅಂಗಡಿ, ಹೋಟೆಲು, ಡ್ರೈವರ್ ಎಲ್ಲರೂ ಊರಿಗೆ ಹೋಗಿರುತ್ತಾರೆ. ದಸರಾ ರಜೆಯಲ್ಲಾದರೆ ಯಾಲದ ಮುಖ್ಯ ಭಾಗ, ಅಂದರೆ ಒಂದನೇ ಬ್ಲಾಕ್, ಬರದ ಕಾರಣಕ್ಕೆ ಸಾಮಾನ್ಯವಾಗಿ ಸೆಪ್ಟೆಂಬರ್ 1ರಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತದೆ. ಆಗ ಉಡವಲವೆಗೆ ಹೋಗಿ. ಅಲ್ಲಿ ವರ್ಷವಿಡೀ ಆನೆ ಸಿಗುತ್ತದೆ. ಪಕ್ಕದಲ್ಲೇ ತಬ್ಬಲಿ ಮರಿಯಾನೆಗಳನ್ನು ಸಾಕಿ ಕಾಡಿಗೆ ಮರಳಿಸುವ ಕೇಂದ್ರ 1995ರಿಂದ ನಡೆಯುತ್ತಿದೆ. ಹಾಲು ಕುಡಿಸುವುದನ್ನು ದೂರದ ಕಟ್ಟೆಯಿಂದ ನೋಡಬೇಕು, ಮುಟ್ಟಲು ಬಿಡುವುದಿಲ್ಲ. ಮುಟ್ಟಲು, ಸವಾರಿ ಮಾಡಲು, ಸ್ನಾನ ಮಾಡಿಸಲು ಬಿಡುವ ಜಾಗಗಳು ಪಟ್ಟಿಯಲ್ಲಿದ್ದರೆ ತೆಗೆಸಿ.

ಸಿಗಿರಿಯಾದ ಬಂಡೆಗೋಟೆ ಹತ್ತಲು ಸುಮಾರು 1,200 ಮೆಟ್ಟಿಲು. ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ, ಒಂಬತ್ತರ ಮೇಲೆ ಬಂಡೆ ಕಾಯುತ್ತದೆ, ಜನರ ಸಾಲು ಮೆಟ್ಟಿಲ ಮೇಲೆ ನಿಂತಲ್ಲೇ ನಿಲ್ಲುತ್ತದೆ. ಅಪ್ಪನವರು ಸಿಂಹದ ಪಂಜಗಳಿರುವ ಜಗಲಿಯವರೆಗೆ ಬಂದರೆ ಮುಕ್ಕಾಲು ಪಾಲು ನೋಡಿದಂತೆ; ಅಲ್ಲಿಂದ ಮೇಲಿನದು ಬಂಡೆಗೆ ಅಂಟಿಸಿದ ಕಬ್ಬಿಣದ ಮೆಟ್ಟಿಲು, ಗಾಳಿ ಜೋರು. ಚಿತ್ರಗಳಿರುವ ಪೊಟರೆಯಲ್ಲಿ ಫೋಟೊ ತೆಗೆಯುವಂತಿಲ್ಲ. ಬಂಡೆಯ ಮೈಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಗದ್ದಲಕ್ಕೂ ಸೆಂಟಿನ ವಾಸನೆಗೂ ಅವು ಏಳುತ್ತವೆ, ಆಗ ಮೇಲಿದ್ದವರನ್ನೆಲ್ಲ ಇಳಿಸುತ್ತಾರೆ. ಸೆಂಟು ಹಚ್ಚಿಕೊಳ್ಳಬೇಡಿ, ಮಗಳಿಗೆ ಕೂಗಬೇಡ ಎಂದು ಹೇಳಿ.

ಇಲ್ಲಿ ರಾಜ್ಯವಾಳಿದ ಕಾಶ್ಯಪ (ಕ್ರಿ.ಶ. 477-495) ತಂದೆ ಧಾತುಸೇನನನ್ನು ಕೊಲ್ಲಿಸಿ ಪಟ್ಟಕ್ಕೆ ಬಂದವನು. ಚೂಳವಂಶ ಎಂಬ ಹಳೆಯ ಪಾಳಿ ಚರಿತ್ರೆಯ ಕಥೆಯಲ್ಲಿ, ಬಚ್ಚಿಟ್ಟ ಸಂಪತ್ತು ತೋರಿಸು ಎಂದಾಗ ಧಾತುಸೇನ ತಾನು ಕಟ್ಟಿಸಿದ ಕಲಾವೆವ ಕೆರೆಗೆ ಇಳಿದು, ಬೊಗಸೆಯಲ್ಲಿ ನೀರೆತ್ತಿ, ನನ್ನ ಸಂಪತ್ತೆಲ್ಲ ಇಷ್ಟೇ ಎನ್ನುತ್ತಾನೆ. ವೆವ ಎಂದರೆ ಕೆರೆ. ಕಲಾವೆವದಲ್ಲೂ ಬೇಸಿಗೆಗೆ ಆನೆ ಸೇರುತ್ತವೆ, ದಂತವಿರುವ ಸಲಗಗಳಿಗೆ ಆ ಜಾಗ ಹೆಸರುವಾಸಿ. ಅನುರಾಧಪುರಕ್ಕೆ ಹೋಗುವ ದಿನ ಹಿಂದಿರುಗುವಾಗ ಬೇಕಾದರೆ ಹೊಂದಿಸಬಹುದು. ಕೆರೆ ಏರಿಯ ಮೇಲೆ ನಿಂತಾಗ ಗೈಡ್‌ಗೆ ಬಿಸೊಕೊಟುವ ತೋರಿಸಲು ಹೇಳಿ: ನಮ್ಮ ತೂಬಿಗೆ ದಾಯಾದಿಯಾದ, ಕಲ್ಲು ಕಟ್ಟಿದ ಚೌಕದ ಬಾವಿ. ಕೆರೆಯ ನೀರಿನ ಒತ್ತಡ ಅಲ್ಲಿ ಮುರಿದು, ಕಾಲುವೆಗೆ ಹದವಾಗಿ ಹರಿಯುತ್ತದೆ.

ಪೊಲೊನ್ನರುವಕ್ಕೆ ನಾಲ್ಕು ಗಂಟೆ ಬೇಕು. ಅವಶೇಷಗಳು ನಾಲ್ಕೈದು ಕಿ.ಮೀ. ಉದ್ದಕ್ಕೆ ಚಾಚಿಕೊಂಡಿವೆ. ವ್ಯಾನಿನಲ್ಲೋ ಬಾಡಿಗೆ ಸೈಕಲ್ಲಿನಲ್ಲೋ ಸುತ್ತಬೇಕು. ಪ್ರತಿ ಗುಡಿಯಲ್ಲೂ ಚಪ್ಪಲಿ ಬಿಡಬೇಕು, ಹನ್ನೊಂದರ ಬಿಸಿಲಿಗೆ ಕಲ್ಲು ಸುಡುತ್ತದೆ, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ವಟದಾಗೆ ಎಂಬ ದುಂಡನೆಯ ಗುಡಿಯ ಮೆಟ್ಟಿಲ ಬುಡದ ಅರ್ಧಚಂದ್ರ ಶಿಲೆಯ ಮುಂದೆ ಸ್ವಲ್ಪ ನಿಲ್ಲಿ. ಅನುರಾಧಪುರದ ಅರ್ಧಚಂದ್ರ ಶಿಲೆಗಳಲ್ಲಿ ಆನೆ, ಕುದುರೆ, ಸಿಂಹ, ಎತ್ತು ಸಾಲಾಗಿ ನಡೆಯುತ್ತವೆ. ಇಲ್ಲಿ ಎತ್ತು ಇಲ್ಲ. ನಡುವೆ ಚೋಳರು ಆಳಿ ಹೋಗಿದ್ದರು. ಶಿವನ ನಂದಿಯನ್ನು ಕಾಲಡಿಯಲ್ಲಿ ಕೆತ್ತುವುದು ಬೇಡವೆಂದು ಬಿಟ್ಟಿರಬೇಕು ಎನ್ನುವುದು ವಿದ್ವಾಂಸರ ವಿವರಣೆ. ಚೋಳರನ್ನು 1070ರಲ್ಲಿ ಓಡಿಸಿದ ಒಂದನೇ ವಿಜಯಬಾಹುವಿಗೆ ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಜೊತೆ ಸ್ನೇಹವಿತ್ತು. ಕರ್ಣಾಟ ದೇಶಕ್ಕೆ ಹೊರಟ ಅವನ ದೂತರ ಮೂಗು-ಕಿವಿಯನ್ನು ಚೋಳರು ಕೊಯ್ದರೆಂದು ಚೂಳವಂಶ ಬರೆದಿಟ್ಟಿದೆ. ಈ ಎರಡು ಸಂಗತಿ ಕೇಳಿ ನೋಡಿ. ಗೈಡ್‌ಗೆ ಎಷ್ಟು ಗೊತ್ತು ಎನ್ನುವುದೂ ತಿಳಿಯುತ್ತದೆ.

ಗೈಡ್ ವಿಚಾರಕ್ಕೆ ಬಂದರೆ, ಹೆಚ್ಚಿನವರು ಮೋಸಹೋಗುವುದು ಒಂದೇ ಕಡೆ: ಡ್ರೈವರ್ ಬೇರೆ, ಗಾಡಿ ಓಡಿಸುತ್ತಲೇ ಗೈಡ್ ಆಗಿಯೂ ಬರುವ ಚಾಫರ್ ಗೈಡ್ ಬೇರೆ. ಪ್ರವಾಸೋದ್ಯಮ ಪ್ರಾಧಿಕಾರ ಪರವಾನಗಿ ಕೊಡುವ ಗೈಡ್‌ಗಳಲ್ಲಿ ನ್ಯಾಷನಲ್, ಚಾಫರ್, ಏರಿಯಾ, ಸೈಟ್ ಎಂಬ ಬಗೆಗಳಿವೆ. ಬರೀ ಡ್ರೈವರ್ ಆದರೆ ಗೇಟಿನವರೆಗೆ ಬಿಟ್ಟು ಮರದಡಿ ಕೂರುತ್ತಾನೆ, ಒಳಗೆ ನೀವು ಸೈಟ್ ಗೈಡ್‌ಗೆ ಪ್ರತಿ ಸಲ ಬೇರೆ ಹಣ ಕೊಡಬೇಕು. ಐದು ಜನಕ್ಕೆ ಪರವಾನಗಿ ಇರುವ ಚಾಫರ್ ಗೈಡ್ ಸಾಕು. ಮುಂಗಡ ಕಳಿಸುವ ಮೊದಲು ಪರವಾನಗಿಯ ಫೋಟೊ ಕೇಳಿ. ಹಾಗೆಯೇ ಪಾರ್ಕಿನ ಪ್ರವೇಶ ಶುಲ್ಕ, ಜೀಪಿನ ಬಾಡಿಗೆ, ಡ್ರೈವರನ ಊಟ-ವಸತಿ, ಎಕ್ಸ್‌ಪ್ರೆಸ್‌ವೇ ಟೋಲ್, ದಿನದ ಕಿಲೋಮೀಟರ್ ಮಿತಿ ಎಲ್ಲ ಒಳಗೋ ಹೊರಗೋ ಎಂದು ಬರೆಸಿಕೊಳ್ಳಿ. ಅಗ್ಗ ಎನಿಸುವ ಪ್ಯಾಕೇಜುಗಳಲ್ಲಿ ಹೊರಗುಳಿಯುವುದು ಬಹುತೇಕ ಮೊದಲ ಎರಡು. ಮಾತಲೆಯ ಮಸಾಲೆ ತೋಟ, ರತ್ನದಂಗಡಿ, ಬಾಟಿಕ್ ಕಾರ್ಖಾನೆ ಇವು ಕಮಿಷನ್ ನಿಲ್ದಾಣಗಳು, ಒಂದೊಂದೂ ಒಂದು ಗಂಟೆ ತಿನ್ನುತ್ತದೆ. "ಶಾಪಿಂಗ್ ನಿಲುಗಡೆ ಬೇಡ" ಎಂದು ಮೊದಲೇ ಬರೆದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಯಾಲದಲ್ಲಿ ಹುಲಿಯಿಲ್ಲ, ಸಿಂಹವಿಲ್ಲ. ಚಿರತೆಯೇ ದೊರೆ, ಅದಕ್ಕೇ ಹಗಲಲ್ಲೇ ಬಂಡೆಯ ಮೇಲೆ ಮಲಗುತ್ತದೆ, ನಮ್ಮ ಕಬಿನಿಯ ಚಿರತೆಯಂತೆ ಕದ್ದು ಓಡಾಡುವುದಿಲ್ಲ. ಆದರೆ ಒಂದು ಕಂಡಿತೆಂದರೆ ಫೋನು ಹಾರಿ ಮೂವತ್ತು ಜೀಪು ಮುತ್ತುತ್ತವೆ. ಬೆಳಗಿನ ಆರಕ್ಕೆ ಗೇಟು ತೆಗೆಯುವಾಗಲೇ ಒಳಗಿರಿ, ಪಲಟುಪಾನ ಗೇಟಿನ ಬದಲು ಕಟಗಮುವ ಗೇಟು ಆಗುತ್ತದೆಯೇ ಕೇಳಿ, "ಚಿರತೆಯ ಹಿಂದೆ ಓಡಿಸಬೇಡ, ನೀರಿನ ಹತ್ತಿರ ನಿಲ್ಲಿಸು" ಎಂದು ಡ್ರೈವರ್‌ಗೆ ಮೊದಲೇ ಹೇಳಿ. ಎರಡು ಬೆಳಗು ಇಟ್ಟುಕೊಂಡರೆ ಸಿಗುವ ಸಂಭವ ಚೆನ್ನಾಗಿದೆ. ಮೇಯಿಂದ ಜುಲೈವರೆಗೆ ಪಾಲು ಮರದ ಹಣ್ಣಿಗೆ ಕರಡಿ ಬರುತ್ತದೆ. ಸಿಂಹರಾಜದ ಮಳೆಕಾಡು ಬೇಕೆಂದರೆ 'ಎಲ್ಲ' ಊರಿನ ರಾತ್ರಿ ಬಿಟ್ಟುಕೊಡಬೇಕು. ಅಲ್ಲಿ ಜೀಪಿಲ್ಲ, ಅರಣ್ಯ ಇಲಾಖೆಯ ಗೈಡ್ ಜೊತೆ ನಡಿಗೆ. ಕಾಜಾಣ, ಹರಟೆಮಲ್ಲಗಳು ಒಂದೇ ತಂಡವಾಗಿ ಮೇಯುತ್ತಾ ಬರುವುದನ್ನು ನೋಡಬೇಕು. ಇಂಬಳ ಮಲೆನಾಡಿನಷ್ಟೇ, ಉದ್ದ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿ.

ದೇವಾಲಯಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುವುದು ಅಪಚಾರ. ಕ್ಯಾಂಡಿಯ ದಂತಧಾತು ದೇವಾಲಯದಲ್ಲಿ ಕಾಣುವುದು ಬುದ್ಧನ ಹಲ್ಲನ್ನು ಇಟ್ಟ ಕರಂಡ ಮಾತ್ರ, ಹಲ್ಲಲ್ಲ. ಸಂಜೆ ಆರೂವರೆಯ ಪೂಜೆಗೆ ಅರ್ಧ ಗಂಟೆ ಮೊದಲು ಸಾಲಿನಲ್ಲಿ ನಿಲ್ಲಿ. ಪ್ರತಿ ಹುಣ್ಣಿಮೆಯೂ ಪೋಯ ರಜೆ, ಆ ದಿನ ದೇವಾಲಯಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ದಿನವನ್ನು ಪ್ರಯಾಣಕ್ಕೋ ಕಾಡಿಗೋ ಇಡಿ. ಸಾರ್ಕ್ ದೇಶದವರಿಗೆ ಪ್ರವೇಶ ದರದಲ್ಲಿ ರಿಯಾಯಿತಿ ಇದೆ, ಅದು ಮೂಲ ಪಾಸ್‌ಪೋರ್ಟ್ ತೋರಿಸಿದರೆ ಮಾತ್ರ. ಫೋನಿನ ಫೋಟೊ ನಂಬಿಕೊಂಡು ಹೋಗಬೇಡಿ. ಅಮೆರಿಕದ ಪಾಸ್‌ಪೋರ್ಟ್ ಇರುವ ನೆಂಟರು ಜೊತೆಗೆ ಬಂದರೆ ಅವರಿಗೆ ಪೂರ್ತಿ ದರ. ವೀಸಾಕ್ಕೆ ಇಟಿಎ ಅರ್ಜಿಯನ್ನು ಹೊರಡುವ ಮುನ್ನ ಸರಕಾರಿ ಜಾಲತಾಣದಲ್ಲೇ ಹಾಕಿ. ಶುಲ್ಕದ ನಿಯಮ ಆಗಾಗ ಬದಲಾಗಿದೆ.

ಸಸ್ಯಾಹಾರಿಗಳಿಗೆ ಒಂದು ಮಾತು ಉಳಿಯಿತು. ಅನ್ನ, ಪರಿಪ್ಪು ಎಂಬ ಬೇಳೆ ಸಾರು, ಎಳೆ ಹಲಸಿನ ಪೊಲೊಸ್, ಒತ್ತು ಶ್ಯಾವಿಗೆ ಎಲ್ಲೆಡೆ ಸಿಗುತ್ತವೆ. ಆದರೆ ತೆಂಗಿನಕಾಯಿ ಚಟ್ನಿಯಂಥ ಪೊಲ್ ಸಂಬೊಲದಲ್ಲೂ ಕೆಲವು ತರಕಾರಿ ಪಲ್ಯಗಳಲ್ಲೂ ಒಣಮೀನಿನ ಪುಡಿ ಬೀಳುತ್ತದೆ. ಅದರ ಹೆಸರು ಉಂಬಲಕಡ. "ಮೀನಿಲ್ಲವಲ್ಲ?" ಎಂದು ಕೇಳಿದರೆ "ಇಲ್ಲ" ಎಂದೇ ಉತ್ತರ ಬರುತ್ತದೆ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಮಸಾಲೆ. "ಉಂಬಲಕಡ ಎಪಾ", ಉಂಬಲಕಡ ಬೇಡ, ಎಂದು ಹೆಸರು ಹಿಡಿದೇ ಹೇಳಬೇಕು.