ತಿಂದದ್ದೇನೆಂದು ನಾಯಿಯ ಕರುಳಿಗೆ ಗೊತ್ತಾಗುವುದು ಹೇಗೆ?

ಹೊಟ್ಟೆಗೆ ಬಿದ್ದದ್ದು ಏನೇ ಇರಲಿ, ಕರುಳು ಅದನ್ನು ಒಂದೇ ಸಮನೆ ಕೆಳಗೆ ತಳ್ಳುತ್ತದೆ ಎಂಬುದು ಹೆಚ್ಚಿನವರ ಎಣಿಕೆ. ನಾಯಿಯ ಸಣ್ಣ ಕರುಳು ಹಾಗೆ ಮಾಡುವುದಿಲ್ಲ. ಬಂದದ್ದು ಕೊಬ್ಬೋ ಬರೀ ನಾರೋ ಎಂಬುದರ ಮೇಲೆ ಅದರ ಚಲನೆಯ ರೀತಿಯೇ ಬೇರೆಯಾಗುತ್ತದೆ. ಇಷ್ಟು ತಿಳಿಯಲು ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು.

ಮೊದಲು ಕಣ್ಣಿಗೆ ಬಿದ್ದದ್ದು ಒತ್ತಡದ ಪಾತ್ರ. 1899ರಲ್ಲಿ ಲಂಡನ್ನಿನ ಶರೀರಶಾಸ್ತ್ರಜ್ಞರಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ನಾಯಿಯ ಕರುಳಿನ ಒಂದು ಜಾಗವನ್ನು ಒತ್ತಿ ಕೆಣಕಿದಾಗ ಅದರ ಮೇಲ್ಭಾಗ ಬಿಗಿಯಾಯಿತು, ಕೆಳಭಾಗ ಸಡಿಲಾಯಿತು. ಹೊರಗಿನಿಂದ ಬರುವ ನರಗಳನ್ನು ಕತ್ತರಿಸಿದ ಮೇಲೂ ಇದು ನಿಲ್ಲಲಿಲ್ಲ. ಮುಂದೆ ರಷ್ಯಾದಲ್ಲಿ ಪಾವ್ಲೋವ್ ಅವರ ಪ್ರಯೋಗಾಲಯದ ಬೋಲ್ಡಿರೆವ್, ಹಸಿದ ನಾಯಿಯ ಹೊಟ್ಟೆಯೂ ಸುಮ್ಮನಿರದೆ ಆಗಾಗ ಜೋರಾಗಿ ಹಿಂಡುವುದನ್ನು ಗುರುತಿಸಿದರು.

ಆ ಹಿಂಡುವಿಕೆಯ ಪೂರ್ತಿ ರೂಪ ಕಂಡದ್ದು 1969ರಲ್ಲಿ. ಅಮೆರಿಕದ ಜೋಸೆಫ್ ಶುರ್ಶೆವ್‌ಸ್ಕಿ ಎಚ್ಚರವಿರುವ ನಾಯಿಗಳ ಕರುಳಿನುದ್ದಕ್ಕೂ ಇಲೆಕ್ಟ್ರೋಡ್ ಇಟ್ಟು ನೋಡಿದಾಗ, ಬಲವಾದ ಚಟುವಟಿಕೆಯ ಒಂದು ಪಟ್ಟಿ ಮೇಲಿನಿಂದ ಶುರುವಾಗಿ ನಿಧಾನವಾಗಿ ಕೊನೆಯವರೆಗೆ ಸಾಗುತ್ತಿತ್ತು. ಒಂದು ಪಟ್ಟಿ ಕೊನೆ ಮುಟ್ಟುವ ಹೊತ್ತಿಗೆ ಮೇಲೆ ಇನ್ನೊಂದು ಹುಟ್ಟುತ್ತಿತ್ತು. ಒಂದೂವರೆ-ಎರಡು ಗಂಟೆಗೊಮ್ಮೆ ಉಳಿದ ಚೂರುಪಾರು, ಲೋಳೆ, ಬ್ಯಾಕ್ಟೀರಿಯಾಗಳನ್ನು ಗುಡಿಸಿ ಹಾಕುವ ಕೆಲಸ ಇದು. ಮೋಟಿಲಿನ್ ಎಂಬ ಹಾರ್ಮೋನಿನ ಏರಿಳಿತ ಈ ಚಕ್ರದ ಜತೆಗೇ ನಡೆಯುತ್ತದೆಂದು 1970ರ ದಶಕದಲ್ಲಿ ಜಪಾನಿನ ಝೆನ್ ಇಟೊ ತಂಡ ತೋರಿಸಿತು.

ಊಟ ಬಿದ್ದೊಡನೆ ಈ ಚಕ್ರ ಮುರಿಯುತ್ತದೆ. ಎಷ್ಟು ಹೊತ್ತು? ಇಲ್ಲೇ ಪೋಷಕಾಂಶಗಳ ಮಾತು ಬರುವುದು. 1978ರಲ್ಲಿ ಬೆಲ್ಜಿಯಂನ ಸಂಶೋಧಕರು ಸಮಾನ ಕ್ಯಾಲೊರಿಯ ಬೇರೆ ಬೇರೆ ಆಹಾರ ಕೊಟ್ಟು ಹೋಲಿಸಿದರು. ಚಕ್ರವನ್ನು ಹೆಚ್ಚು ಹೊತ್ತು ತಡೆದದ್ದು ಕಡಲೆಕಾಯಿ ಎಣ್ಣೆ, ಅಂದರೆ ಕೊಬ್ಬು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1980ರ ದಶಕದಲ್ಲಿ ಜರ್ಮನಿಯ ಹೋಹೆನ್‌ಹೈಮ್‌ನಲ್ಲಿ ಎಹರ್ಲೈನ್ ತಂಡ ನಡೆಸಿದ ಕೆಲಸ. ಕ್ಯಾಲೊರಿಯಿಲ್ಲದ, ಮಂದವಾದ ಸೆಲ್ಯುಲೋಸ್ ಎಂಬ ನಾರಿನ ಊಟ ಕೊಟ್ಟಾಗ ಕರುಳಿನ ಅಲೆಗಳು ದೂರದವರೆಗೆ ಓಡಿ ಅದನ್ನು ಬೇಗ ಸಾಗಿಸಿದವು. ಪೋಷಕಾಂಶವಿರುವ ಊಟಕ್ಕೆ ಕರುಳು ಅಲ್ಲಲ್ಲೇ ಚಿಕ್ಕದಾಗಿ ಹಿಂಡಿ ಕಲಸಿತು, ಸಾಗಣೆ ನಿಧಾನವಾಯಿತು. ಹೀರಿಕೊಳ್ಳಲು ಏನಾದರೂ ಇದ್ದರೆ ಸಮಯ ಬೇಕು, ಇಲ್ಲದಿದ್ದರೆ ಹಿಡಿದಿಟ್ಟು ಪ್ರಯೋಜನವಿಲ್ಲ. ಹಾಗಾಗಿ ಊಟದ ಗಾತ್ರ ಮತ್ತು ಅದು ಹಾಕುವ ಒತ್ತಡದಿಂದಲೇ ಚಲನೆ ನಿರ್ಧಾರವಾಗುತ್ತದೆ ಎನ್ನುವ ಮಾತು ಅಲ್ಲಿಗೆ ಸಾಲದಾಯಿತು.

ಕೊಬ್ಬು ಜೀರ್ಣವಾಗದೆ ಕರುಳಿನ ಕೆಳಭಾಗಕ್ಕೆ ಬಂದರೆ ಅಲ್ಲಿಂದ ಮೇಲಕ್ಕೆ ತಡೆಯ ಸೂಚನೆ ಹೋಗುತ್ತದೆ. ಅದನ್ನು ಒಯ್ಯುವುದು ಪೆಪ್ಟೈಡ್ ವೈವೈ ಎಂಬ ಹಾರ್ಮೋನ್. ಅಮೆರಿಕದ ಹೆನ್ರಿ ಲಿನ್ ತಂಡ ನಾಯಿಗಳಲ್ಲಿ ಪ್ರತಿಕಾಯದಿಂದ ಆ ಹಾರ್ಮೋನನ್ನು ನಿಷ್ಕ್ರಿಯಗೊಳಿಸಿದಾಗ ತಡೆ ಸಡಿಲವಾಯಿತು. ಇದು 1996ರ ವರದಿ. ಈ ಅರಿವಿನ ಬಹುಪಾಲು ಬಂದದ್ದು ಪ್ರಯೋಗಾಲಯದ ನಾಯಿಗಳ ಮೈಯಿಂದ ಎಂಬುದನ್ನು ಮರೆಯಬಾರದು.

ಜಠರ ನಿಧಾನವಾಗಿ ಖಾಲಿಯಾಗುವ ನಾಯಿಗೆ ಪಶುವೈದ್ಯರು ಕೊಬ್ಬು ಕಡಿಮೆಯಿರುವ ಊಟವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ ಎನ್ನುತ್ತಾರೆ. ಬೆಳಗಿನ ಜಾವ ಬರಿಹೊಟ್ಟೆಯಲ್ಲಿ ಹಳದಿ ಪಿತ್ತ ಕಾರುವ ನಾಯಿಗೆ ಮಲಗುವ ಮುನ್ನ ಒಂದಿಷ್ಟು ಊಟ ಹಾಕಿ ಎನ್ನುವುದೂ ರೂಢಿ. ಪದೇ ಪದೇ ಕಾರಿಕೊಂಡರೆ ಮಾತ್ರ ಕಾಯದೆ ವೈದ್ಯರಿಗೆ ತೋರಿಸಬೇಕು.